ಹಾಸನದಲ್ಲಿ ಕಳುವಾದ ಕಾರು ಹೊಸೂರಿನಾಚೆ ಸಿಕ್ಕಿದ್ದು: ನನ್ನ ಅನುಭವ

ನಿಲ್ಲಿಸಿದ ಜಾಗದಲ್ಲಿ ಕಾರು ಇಲ್ಲ ಅಂತ ಖಾತ್ರಿಯಾದ ಕೂಡಲೇ ಬಹಳ ಜನ ಬ್ಯಾಂಕಿಗೆ ಫೋನ್ ಮಾಡಿ ಫಾಸ್ಟ್ಯಾಗ್ ಬ್ಲಾಕ್ ಮಾಡಿಸುತ್ತಾರೆ. ಅದೊಂದು ಕೆಲಸ ಮಾಡಬೇಡಿ. ಹೋದರೆ ನಾಲ್ಕೈದು ನೂರು ರೂಪಾಯಿ ಹೋಗುತ್ತದೆ, ಆದರೆ ಕಾರು ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಹೇಳುವುದು ಅದೇ ಟ್ಯಾಗ್. ಬಿ.ಎಂ. ರಸ್ತೆ ಪಕ್ಕದ ಬಡಾವಣೆಯಿಂದ ಹೋದ ನಮ್ಮ ಕಾರಿನ ಮೊದಲ ಜಾಡು ಸಿಕ್ಕಿದ್ದು ಬೆಂಗಳೂರು ದಾರಿಯ ಶಾಂತಿಗ್ರಾಮ ಟೋಲ್‌ನಲ್ಲಿ ಹಣ ಕಡಿತವಾದ ಎಸ್‌ಎಂಎಸ್‌ನಿಂದ. ಆ ಒಂದು ಸಾಲಿನಿಂದ ಸಕಲೇಶಪುರ, ಶಿರಾಡಿ ಕಡೆ ಹುಡುಕುವುದು ತಪ್ಪಿತು. ಬೆಳಗಿನ ಜಾವಕ್ಕೆ ತಮಿಳುನಾಡು ಗಡಿಯ ಅತ್ತಿಬೆಲೆಯಲ್ಲಿ ಇನ್ನೊಂದು ಕಡಿತ. ಅಲ್ಲಿಂದಾಚೆ ಟ್ಯಾಗ್ ಮೌನವಾಯಿತು, ಕಿತ್ತು ಹಾಕಿದ್ದರು.

ಟೋಲ್‌ನ ಸಮಯ ಗೊತ್ತಾದರೆ ಆ ಲೇನಿನ ಸಿಸಿಟಿವಿ ಕೇಳಬಹುದು. ನಾವು ಹೋಗಿ ಕೇಳಿದರೆ ಕೊಡುವುದಿಲ್ಲ. ತನಿಖಾಧಿಕಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 94ರ ಅಡಿ ನೋಟಿಸ್ ಕೊಟ್ಟು ತರಿಸಬೇಕು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ ಇದನ್ನು ಮೊದಲ ದಿನವೇ ನೆನಪಿಸಿ. ಟೋಲ್ ಹೆಸರು, ಸಮಯ, ಕಡಿತವಾದ ಮೊತ್ತ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವರ ಕೆಲಸ ಅರ್ಧ ಹಗುರ.

ಮುಂದಿನ ದಾರಿ ತೋರಿಸಿದ್ದು ಜಿಪಿಎಸ್ ಟ್ರ್ಯಾಕರ್. ಅದನ್ನು ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್ ಪಕ್ಕ ಕೂರಿಸಿದರೆ ಐದು ನಿಮಿಷದಲ್ಲಿ ಕೀಳುತ್ತಾರೆ, ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ನಮ್ಮದು ಹಿಂದಿನ ಸೀಟಿನ ಬದಿಯ ಟ್ರಿಮ್ ಒಳಗಿತ್ತು. ಬ್ಯಾಟರಿ ವೈರ್ ಕತ್ತರಿಸಿದರೂ ಟ್ರ್ಯಾಕರಿನ ಒಳಗಿನ ಪುಟ್ಟ ಬ್ಯಾಟರಿ ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಆ ಗಂಟೆಗಳೇ ನಿಮಗಿರುವ ಸಮಯ. ಇಗ್ನಿಷನ್ ಆಫ್ ಆದಾಗ ಸಾಧನ ನಿದ್ದೆಗೆ ಹೋಗಿ ಬಹಳ ಹೊತ್ತಿಗೊಮ್ಮೆ ಮಾತ್ರ ಸ್ಥಳ ಕಳಿಸುತ್ತದೆ, ಹಾಗಾಗಿ ಆ್ಯಪ್ ತೋರಿಸುವ ಚುಕ್ಕೆ ಯಾವ ಹೊತ್ತಿನದು ಎಂದು ನೋಡದೆ ಓಡಬೇಡಿ. ಮಲೆನಾಡಿನವರು ಇನ್ನೊಂದು ತಿಳಿದಿರಬೇಕು: ಚಾರ್ಮಾಡಿ, ಬಿಸಿಲೆಯಂಥ ಕಡೆ ನೆಟ್‌ವರ್ಕ್ ಇಲ್ಲದಾಗ ಟ್ರ್ಯಾಕರ್ ಸ್ಥಳಗಳನ್ನು ಕೂಡಿಟ್ಟುಕೊಂಡು ಸಿಗ್ನಲ್ ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತದೆ. ಚುಕ್ಕೆ ನಿಂತಿದೆ ಎಂದರೆ ಕಾರು ನಿಂತಿದೆ ಎಂದರ್ಥವಲ್ಲ.

ಎಂಜಿನ್ ಆಫ್ ಮಾಡುವ ರಿಲೇ ಇದ್ದರೂ ಓಡುತ್ತಿರುವ ಕಾರಿನ ಮೇಲೆ ಅದನ್ನು ಬಳಸಬಾರದು. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಬಲ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ಎದುರಿಗೆ ಬರುವ ಬೈಕಿನವನ ಜೀವ ನಮ್ಮ ಕಾರಿಗಿಂತ ದೊಡ್ಡದು. ಕಾರು ನಿಂತ ಮೇಲೆ, ಪೊಲೀಸರು ಹೇಳಿದ ಮೇಲೆ ಮಾತ್ರ ರಿಲೇ.

ಈಗ ದೂರಿನ ವಿಷಯ. 112ಕ್ಕೆ ಫೋನ್ ಮಾಡಿ, ನೇರ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಹಾಕುತ್ತಾರೆ. ಊರು ಬಿಟ್ಟು ಬೇರೆ ಕಡೆ ಕಾರು ಕಳೆದಿದ್ದರೂ ಹತ್ತಿರದ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಕೊಡಬಹುದು. ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ ಕಲಂ 173(4)ರಂತೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು.

ದೂರಿನಲ್ಲಿ ಹೆಚ್ಚಾಗಿ ಎರಡು ತಪ್ಪು ಆಗುತ್ತವೆ. ‘ರಾತ್ರಿ 2 ಗಂಟೆಗೆ ಕಳುವಾಯಿತು’ ಎಂದು ಊಹೆ ಬರೆಯುವುದು ಒಂದು. ಕೊನೆಗೆ ನೋಡಿದ ಹೊತ್ತು, ಇಲ್ಲವೆಂದು ಗೊತ್ತಾದ ಹೊತ್ತು, ಇವೆರಡನ್ನೇ ಬರೆಯಿರಿ. ಟೋಲ್ ಸಮಯಕ್ಕೂ ದೂರಿಗೂ ತಾಳೆ ಬೀಳದಿದ್ದರೆ ನಂತರ ವಿಮೆಯವರು ಹಿಡಿದುಕೊಳ್ಳುತ್ತಾರೆ. ಇನ್ನೊಂದು ಚಾಸಿ ನಂಬರಿನಲ್ಲಿ ಒಂದಕ್ಷರ ತಪ್ಪುವುದು. ಅದು 17 ಅಕ್ಷರ-ಅಂಕಿಗಳ ಸರಣಿ, ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಹಾಗಾಗಿ ಓ ಎಂದು ಕಂಡದ್ದು ಸೊನ್ನೆಯೇ, ಐ ಎಂದು ಕಂಡದ್ದು 1 ಎಂಬ ಅಂಕಿಯೇ. ಆರ್‌ಸಿ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿ, ಆಮೇಲೆ ಸಹಿ ಹಾಕಿ. ಎಂಜಿನ್ ನಂಬರ್, ಫಾಸ್ಟ್ಯಾಗ್ ನಂಬರ್, ಟ್ರ್ಯಾಕರಿನ ಸಿಮ್ ಮತ್ತು ಐಎಂಇಐ, ಬಂಪರಿನ ಗೀರು, ಒಡೆದ ಮಡ್‌ಫ್ಲ್ಯಾಪ್‌ನಂಥ ಗುರುತುಗಳು ಎಲ್ಲವೂ ದೂರಿನಲ್ಲಿರಲಿ. ಎರಡೂ ಕೀಲಿಗಳನ್ನು ಒಂದು ಕವರಿನಲ್ಲಿ ಎತ್ತಿಡಿ. ವಿಮಾ ಕಂಪನಿ ಮೊದಲು ಕೇಳುವುದು ಅವನ್ನೇ. ಅವರಿಗೆ ಅದೇ ದಿನ ಇಮೇಲ್ ಹೋಗಲಿ.

ಟ್ರ್ಯಾಕರಿನ ಕೊನೆಯ ಸ್ಥಳ ತೋರಿಸಿದ್ದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಒಂದು ಗೋದಾಮಿನ ಹಿಂಭಾಗ. ಇಲ್ಲಿ ಸ್ವಂತ ಕಾರು ಹತ್ತಿ ಹೊರಡುವ ಆಸೆ ಬಹಳ ಬಲವಾಗಿರುತ್ತದೆ. ಹೋಗಬೇಡಿ. ನಮ್ಮನ್ನು ಕಂಡರೆ ಕಾರು ಜಾಗ ಬದಲಿಸುತ್ತದೆ, ಇಲ್ಲವೇ ಕೈಕಾಲಿಗೆ ಏಟು ಬೀಳುತ್ತದೆ. ಹಾಸನದ ತನಿಖಾಧಿಕಾರಿ ಆ ಜಿಲ್ಲೆಯ ಕಂಟ್ರೋಲ್ ರೂಮಿಗೆ ಅಧಿಕೃತವಾಗಿ ತಿಳಿಸಬೇಕು, ಅಲ್ಲಿಂದ ಆಯಾ ಠಾಣೆಗೆ ಹೋಗಬೇಕು. ಅಪರಿಚಿತ ಮೊಬೈಲಿನಿಂದ ಬಂದ ಟ್ರ್ಯಾಕರ್ ಚಿತ್ರವೊಂದನ್ನು ನಂಬಿ ಯಾವ ಠಾಣೆಯವರೂ ಗೋದಾಮಿನ ಬಾಗಿಲು ತಟ್ಟುವುದಿಲ್ಲ, ತಟ್ಟಬಾರದು ಕೂಡ.

ಒಂದು ಸಣ್ಣ ಕೆಲಸ ನಮಗೆ ಅರ್ಧ ದಿನ ಉಳಿಸಿತು. ನಮ್ಮ ಎಫ್‌ಐಆರ್ ಇರುವುದು ಕನ್ನಡದಲ್ಲಿ. ಹೊಸೂರು ಸುತ್ತಮುತ್ತ ಕನ್ನಡ, ತೆಲುಗು ಮಾತಾಡುವವರು ಧಾರಾಳ, ಆದರೆ ಮಾತಾಡುವುದು ಬೇರೆ, ಕನ್ನಡದ ಕಾಗದ ಓದುವುದು ಬೇರೆ. ಆದ್ದರಿಂದ ಅಪರಾಧ ಸಂಖ್ಯೆ, ದಿನಾಂಕ, ಕಲಂ, ಠಾಣೆ, ತನಿಖಾಧಿಕಾರಿಯ ಫೋನ್, ವಾಹನದ ನಂಬರ್, ಚಾಸಿ, ಎಂಜಿನ್, ಬಣ್ಣ ಇಷ್ಟನ್ನು ಒಂದೇ ಪುಟದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಫ್‌ಐಆರ್ ಪಿಡಿಎಫ್ ಜೊತೆಗೆ ತನಿಖಾಧಿಕಾರಿಯ ಮೂಲಕವೇ ಕಳಿಸಿದೆವು. ಅಲ್ಲಿನ ಪೊಲೀಸರು ಆ ಪುಟ ಹಿಡಿದು ನೇರ ಚಾಸಿ ನಂಬರ್ ನೋಡಿದರು. ನಮಗಾಗಿ ಅವರು ಮಾಡಿದ ಕೆಲಸ ದೊಡ್ಡದು.

ಕಾರಿಗೆ ಆಗಲೇ ತಮಿಳುನಾಡಿನ ಪ್ಲೇಟ್ ಬಿದ್ದಿತ್ತು. ಕಳ್ಳರು ಮೊದಲು ಬದಲಿಸುವುದೇ ಪ್ಲೇಟ್, ಅದನ್ನು ನೋಡಿ ‘ನಮ್ಮದಲ್ಲ’ ಎಂದುಕೊಳ್ಳಬಾರದು. ಚಾಸಿ ನಂಬರ್ ಎಲ್ಲಿ ಕೊರೆದಿದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ: ಕೆಲವದರಲ್ಲಿ ಮುಂದಿನ ಸೀಟಿನ ಕಾರ್ಪೆಟ್ ಕೆಳಗೆ, ಕೆಲವದರಲ್ಲಿ ಬಾನೆಟ್ ಒಳಗೆ. ನಿಮ್ಮ ಕಾರಿನದು ಎಲ್ಲಿದೆ ಎಂದು ಇವತ್ತೇ ನೋಡಿ ಫೋಟೊ ತೆಗೆದಿಡಿ. ಉಜ್ಜಿ ಅಳಿಸಿದ್ದರೂ ದಾರಿಯಿದೆ. ಅಚ್ಚು ಹೊಡೆದಾಗ ಮೇಲ್ಮೈ ಮಾತ್ರವಲ್ಲ, ಅದರ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣ ಹಚ್ಚಿದರೆ ಒತ್ತಿದ ಭಾಗ ಬೇರೆ ರೀತಿ ಕರಗಿ ಅಂಕಿಗಳು ಮತ್ತೆ ಮೂಡುತ್ತವೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಎಂ) ಬದಲಿಸಿರದಿದ್ದರೆ ಸರ್ವಿಸ್ ಸೆಂಟರಿನ ಸ್ಕ್ಯಾನರಿನಲ್ಲೂ ಎಷ್ಟೋ ಕಾರುಗಳ ಚಾಸಿ ನಂಬರ್ ಸಿಗುತ್ತದೆ.

ಕದ್ದದ್ದೆಂದು ಅನುಮಾನವಿರುವ ವಸ್ತುವನ್ನು ಅಲ್ಲಿನ ಪೊಲೀಸರು ಬಿಎನ್‌ಎಸ್‌ಎಸ್ ಕಲಂ 106ರ ಅಡಿ ವಶಕ್ಕೆ ತೆಗೆದುಕೊಳ್ಳಬಹುದು. ಬೆರಳಚ್ಚು ತೆಗೆಯುವ ತನಕ ಬಾಗಿಲು, ಸ್ಟೀರಿಂಗ್, ಕನ್ನಡಿ ಮುಟ್ಟಬೇಡಿ. ನಮ್ಮದೇ ಕಾರು ಎಂಬ ಸಲಿಗೆಯಲ್ಲಿ ಕೈ ತಾನಾಗಿ ಹೋಗುತ್ತದೆ. ಮಹಜರಿನಲ್ಲಿ ಓಡೋಮೀಟರ್ ಅಂಕಿ, ನಾಲ್ಕು ಟೈರಿನ ಕಂಪನಿ, ಸ್ಟೆಪ್ನಿ, ಬ್ಯಾಟರಿ, ಸ್ಟೀರಿಯೊ ಇದೆಯೋ ಇಲ್ಲವೋ ಎಂಬುದು ಬರೆದಿದೆಯೇ ನೋಡಿ. ಆವತ್ತು ಬರೆಯದ ವಸ್ತು ಮುಂದೆ ಕಾಣೆಯಾದರೆ ಕೇಳಲು ಆಧಾರವಿರುವುದಿಲ್ಲ.

ಕಾರು ಸಿಕ್ಕಿದ್ದಕ್ಕಿಂತ ಬಿಡಿಸಿಕೊಂಡದ್ದೇ ಹೆಚ್ಚು ದಿನ ಹಿಡಿಯಿತು. ಹಾಸನಕ್ಕೆ ತಂದ ಮೇಲೆ ಅದು ಪಿಎಫ್ (ಜಪ್ತಿ ಮಾಡಿದ ವಸ್ತುಗಳ ಪಟ್ಟಿ) ನಂಬರಿನೊಂದಿಗೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದ ಲೆಕ್ಕಕ್ಕೆ ಸೇರುತ್ತದೆ. ಮಧ್ಯಂತರ ವಶಕ್ಕೆ ಕೊಡಿ ಎಂದು ವಕೀಲರ ಮೂಲಕ ಅರ್ಜಿ: ಪ್ರಕರಣದ ಹಂತ ನೋಡಿ ಬಿಎನ್‌ಎಸ್‌ಎಸ್ ಕಲಂ 497 ಅಥವಾ 503. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಫೋಟೊ ತೆಗೆದು ಬಾಂಡ್ ಪಡೆದು ಬೇಗ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲಿ ಅದರ ಉಲ್ಲೇಖವಿರಲಿ. ಜೊತೆಗೆ ಆರ್‌ಸಿ, ವಿಮೆ, ಆಧಾರ್, ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ. ಜಾಮೀನುದಾರರು ತಮ್ಮ ಹೆಸರಿನ ಹೊಸ ಪಹಣಿ ತರಬೇಕು. ಜಂಟಿ ಖಾತೆಯ ಪಹಣಿ ತಂದು ವಾಪಸ್ ಹೋದವರನ್ನು ಕಂಡಿದ್ದೇನೆ. ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತುಗಳು ಸಾಮಾನ್ಯ.

ಠಾಣೆಯ ಅಂಗಳದಲ್ಲಿ ಮಳೆಗಾಲ ಕಳೆದ ಕಾರನ್ನು ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ಇಲಿ ವೈರಿಂಗ್ ಕಡಿದಿರುತ್ತದೆ, ಇಗ್ನಿಷನ್ ವೈರು ಕಳ್ಳರೇ ಜೋಡಿಸಿದ್ದು, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿರುತ್ತದೆ. ಫ್ಲ್ಯಾಟ್‌ಬೆಡ್ ಮೇಲೆ ಗ್ಯಾರೇಜಿಗೆ ಹೋಗಲಿ. ಲಾಕ್ ಸೆಟ್ ಬದಲಿಸಿ, ಹಳೆಯ ಕೀಲಿಗಳ ಕೋಡ್ ಅಳಿಸಿ ಹೊಸದು ಹಾಕಿಸಿ. ವಿಮೆಯ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರುಮಾಡಿದರೆ ಹಾನಿಯ ಹಣ ಸಿಗುವುದು ಕಷ್ಟ. ‘ಪತ್ತೆಯಾಗಿಲ್ಲ’ ಎಂಬ ಸಿ ರಿಪೋರ್ಟ್ ಮೇಲೆ ವಿಮಾ ಹಣ ಆಗಲೇ ಪಡೆದಿದ್ದರೆ, ಸಿಕ್ಕ ಕಾರಿನ ಮೇಲಿನ ಹಕ್ಕು ಕಂಪನಿಯದು. ಮೊದಲು ಅವರಿಗೆ ತಿಳಿಸಬೇಕು.

ಕಾರು ಮನೆಗೆ ಬಂದ ಮೇಲೂ ಪೊಲೀಸ್ ದಾಖಲೆಯಲ್ಲಿ, ಆರ್‌ಟಿಒದಲ್ಲಿ ಅದು ಕದ್ದ ವಾಹನವಾಗಿಯೇ ಉಳಿದಿರಬಹುದು. ನ್ಯಾಯಾಲಯದ ಆದೇಶದ ಪ್ರತಿಯೊಂದಿಗೆ ಎರಡೂ ಕಡೆ ಅರ್ಜಿ ಕೊಟ್ಟು ತೆಗೆಸಿ, ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿ, ಹಳೆಯ ಫಾಸ್ಟ್ಯಾಗ್ ಈಗ ಮುಚ್ಚಿಸಿ ಹೊಸದು ಅಂಟಿಸಿ. ಆದೇಶದ ಒಂದು ಪ್ರತಿ ಡ್ಯಾಶ್‌ಬೋರ್ಡಿನಲ್ಲಿ ಇರಲಿ, ನಮ್ಮ ಕಾರಿನಲ್ಲಿ ಈಗಲೂ ಇದೆ.