ಅಗೆಯುವ ಮೊದಲೇ ಮಾತಾಡಿ: ಬೀದಿಯ ಯೋಜನೆಯಲ್ಲಿ ನಿಮ್ಮ ಮಾತು ಸೇರುವುದು ಹೇಗೆ?

ತುಮಕೂರಿನ ನಮ್ಮ ಬೀದಿಯಲ್ಲಿ ಚರಂಡಿ ಮೇಲೆ ಚಪ್ಪಡಿ ಹಾಕಿ ಫುಟ್‌ಪಾತ್ ಮಾಡಿದರು. ನೋಡೋಕೆ ಚೆನ್ನಾಗಿದೆ. ಎತ್ತರ ಮಾತ್ರ ಹೆಚ್ಚುಕಡಿಮೆ ಮೊಣಕಾಲಿನವರೆಗೆ ಬರುತ್ತದೆ. ಮಂಡಿ ನೋವಿರುವ ನಮ್ಮಮ್ಮ ಒಂದು ದಿನವೂ ಅದನ್ನು ಹತ್ತಿಲ್ಲ. ಸೆರಗು ಬಿಗಿಹಿಡಿದುಕೊಂಡು ಆಟೊಗಳ ಪಕ್ಕದಲ್ಲೇ ನಡೆದುಹೋಗುತ್ತಾರೆ. ಕೆಲಸ ನಡೆಯುವಾಗ ಹೋಗಿ ಕೇಳಿದೆವು. "ಎಸ್ಟಿಮೇಟ್‌ನಲ್ಲಿ ಹೀಗೇ ಇದೆ, ಈಗ ಬದಲಾಯಿಸೋಕಾಗಲ್ಲ" ಅಂದರು. ಅದು ನಿಜವೇ. ಟೆಂಡರ್ ಮುಗಿದು ವರ್ಕ್ ಆರ್ಡರ್ ಕೊಟ್ಟ ಮೇಲೆ ಬದಲಾವಣೆ ಬಹಳ ಕಷ್ಟ. ನಾವು ಹೋಗಬೇಕಿದ್ದದ್ದು ಎಸ್ಟಿಮೇಟ್, ಅಂದರೆ ಕೆಲಸದ ಅಳತೆ-ಖರ್ಚಿನ ಲೆಕ್ಕ, ಬರೆಯುವ ಮೊದಲು.

ಮೊದಲು, ಒಟ್ಟಿಗೆ ನಡೆಯಿರಿ

ಹತ್ತು ಜನ ಸೇರಿದರೂ ಸಾಕು. ಬರೀ ಮನೆ ಮಾಲೀಕರು ಬೇಡ. ತರಕಾರಿ ಗಾಡಿಯವರು, ಪೌರಕಾರ್ಮಿಕರು, ಶಾಲೆ ಮಕ್ಕಳು, ಬಾಡಿಗೆ ಮನೆಯವರು, ಊರುಗೋಲು ಹಿಡಿದು ನಡೆಯುವವರು ಬರಲಿ. ಬೀದಿಯನ್ನು ಜಾಸ್ತಿ ಬಳಸುವವರು ಇವರೇ ಅಲ್ವಾ? ಶಾಲೆ ಶುರುವಾಗುವ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಇನ್ನೊಮ್ಮೆ ನಡೆಯಿರಿ. ಕತ್ತಲಲ್ಲಿ ಎಲ್ಲಿ ಭಯವಾಗುತ್ತದೆ ಅಂತ ಹೆಣ್ಣುಮಕ್ಕಳನ್ನೇ ಕೇಳಿ.

ಕೈಯಲ್ಲಿ ಟೇಪ್ ಇರಲಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಇಳಿಜಾರು 1:12ರಷ್ಟಿರಬೇಕು. 15 ಸೆಂಟಿಮೀಟರ್ ಎತ್ತರ ಹತ್ತಲು 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು ಅಂತ ಅರ್ಥ. ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲಿ ಅಡ್ಡ ಬರುತ್ತವೆ ಅಂತಲೂ ಗುರುತು ಹಾಕಿ.

ಹಳಬರೊಬ್ಬರನ್ನು ಮರೆಯದೆ ಕರೆದುಕೊಂಡು ಹೋಗಿ. ಅಮಾನಿಕೆರೆಗೋ ಮರಳೂರು ಕೆರೆಗೋ ಮಳೆನೀರು ಹಿಂದೆ ಯಾವ ದಾರಿಯಲ್ಲಿ ಇಳಿಯುತ್ತಿತ್ತು ಅನ್ನೋದು ಅವರಿಗೆ ಗೊತ್ತಿರುತ್ತದೆ. ಮುಚ್ಚಿಹೋದ ಕಾಲುವೆ ನಕ್ಷೆಯಲ್ಲಿ ಸಿಗದಿದ್ದರೂ ಅವರ ನೆನಪಿನಲ್ಲಿ ಸಿಗುತ್ತದೆ.

ಒಂದೇ ಹಾಳೆಯಲ್ಲಿ ಬರೆಯಿರಿ

ಕೈಯಲ್ಲೇ ಬಿಡಿಸಿದ ನಕ್ಷೆ, ನಾಲ್ಕು ಫೋಟೊ, ಮೂರು ಬೇಡಿಕೆ. ಅಷ್ಟೇ. "ರಸ್ತೆ ಸರಿಯಿಲ್ಲ" ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ. "ಶಾಲೆ ಗೇಟಿನ ಎದುರು 20 ಮೀಟರ್ ಫುಟ್‌ಪಾತ್ ತಗ್ಗಿಸಿ, ಎರಡೂ ತುದಿಗೆ ಇಳಿಜಾರು ಕೊಡಿ" ಅಂತ ಬರೆದರೆ ಎಂಜಿನಿಯರ್ ಅದನ್ನು ನೇರವಾಗಿ ಎಸ್ಟಿಮೇಟ್‌ಗೆ ಇಳಿಸಬಹುದು.

ಎಲ್ಲಿ ಕೊಡಬೇಕು?

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ ಅದು. ತುಮಕೂರು 2011ರ ಜನಗಣತಿಯಲ್ಲೇ 3 ಲಕ್ಷ ದಾಟಿದೆ. ನಮ್ಮ ಪಾಲಿಕೆಯಲ್ಲಿ 35 ವಾರ್ಡ್‌ಗಳಿವೆ. ರಾಜ್ಯದ ಕಾನೂನಿನಂತೆ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು, 10 ಜನ ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು ಇರಬೇಕು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಸಮಿತಿ ರಚಿಸಿ ಅನ್ನೋದೇ ನಿಮ್ಮ ಮೊದಲ ಬೇಡಿಕೆಯಾಗಲಿ. ಚುನಾಯಿತ ಕೌನ್ಸಿಲ್ ಇಲ್ಲದ ದಿನಗಳಲ್ಲಿ ಮನವಿಯನ್ನು ಆಯುಕ್ತರಿಗೇ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

ಯಾವಾಗ ಕೊಡಬೇಕು?

ಪಾಲಿಕೆಯ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಹಾಗಾಗಿ ದೀಪಾವಳಿ ಮುಗಿಯುತ್ತಲೇ ಬೀದಿ ನಡಿಗೆ ಮುಗಿಸಿ, ಬಜೆಟ್‌ ಪೂರ್ವ ಸಭೆಗೆ ಹಾಳೆ ಸಿದ್ಧವಾಗಿಟ್ಟುಕೊಳ್ಳಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲೇ ಜನ ಬಡಾವಣೆ ಸಭೆಗಳಲ್ಲಿ ಕೂತು, ನಗರದ ಹಣ ಯಾವ ಕೆಲಸಕ್ಕೆ ಮೊದಲು ಹೋಗಬೇಕು ಅಂತ ತೀರ್ಮಾನಿಸತೊಡಗಿದರು. ನಮ್ಮಿಂದಲೂ ಆಗುವ ಕೆಲಸವೇ ಇದು.

ಇಡೀ ಊರಿನ ಮಾಸ್ಟರ್ ಪ್ಲಾನ್ ನೋಡಿಕೊಳ್ಳುವುದು ನಗರಾಭಿವೃದ್ಧಿ ಪ್ರಾಧಿಕಾರ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಗಡುವು ಕೊಡುತ್ತಾರೆ. ಆಗ ನಿಮ್ಮ ಕೆರೆ, ಆಟದ ಮೈದಾನಕ್ಕೆ ಯಾವ ಬಣ್ಣ ಹಾಕಿದ್ದಾರೆ ಅಂತ ನೋಡಲೇಬೇಕು; ಆ ಜಾಗ ಯಾವ ಬಳಕೆಗೆ ಅನ್ನೋದನ್ನು ನಕ್ಷೆಯ ಬಣ್ಣವೇ ಹೇಳುತ್ತದೆ. ಒಮ್ಮೆ ತಪ್ಪಿದರೆ ಮುಂದಿನ ಪರಿಷ್ಕರಣೆಗೆ ಹತ್ತು ವರ್ಷ ಕಾಯಬೇಕಾಗಬಹುದು.

ಬೀದಿ ವ್ಯಾಪಾರಿಗಳ ಜಾಗದ ಪ್ರಶ್ನೆ ಬಂದರೆ ಪಟ್ಟಣ ವ್ಯಾಪಾರ ಸಮಿತಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅವರನ್ನು ಕೇಳದೆ ಎತ್ತಂಗಡಿಗೆ ಒತ್ತಾಯಿಸಬೇಡಿ.

ಕೆಲಸ ಶುರುವಾದಾಗ

10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಎಸ್ಟಿಮೇಟ್ ಮತ್ತು ನಕ್ಷೆಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಹಾಗಾಗಿ ಮಂಜೂರಾತಿ ಸಿಕ್ಕ ಸುದ್ದಿ ಬಂದ ಕೂಡಲೇ ಅರ್ಜಿ ಹಾಕಿ. ಆ ಪ್ರತಿ ಮತ್ತು ಟೇಪ್ ಹಿಡಿದು, ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಹೋಗಿ, ಕಾಂಕ್ರೀಟ್ ತುಂಬಲು ಕಟ್ಟಿದ ಹಲಗೆಯ ಎತ್ತರ ಅಳೆಯಿರಿ. ಎಸ್ಟಿಮೇಟ್‌ಗಿಂತ ಹೆಚ್ಚಿದ್ದರೆ ಎಂಜಿನಿಯರ್‌ಗೆ ಅಲ್ಲಿಂದಲೇ ಫೋನ್ ಮಾಡಿ. ಹಲಗೆ ಬಿಚ್ಚಿ ತಗ್ಗಿಸೋಕೆ ಮೇಸ್ತ್ರಿಗೆ ಒಂದು ಗಂಟೆ ಸಾಕು.