ಕೊರಡು ನೋಡಿ ಮರ ಗುರುತಿಸಲು ಕಲಿತದ್ದು

ಎಲೆ ಕಂಡರೆ ಇದು ಯಾವ ಮರ ಅಂತ ಹೇಳೋದು ಸುಲಭ. ಕಡಿದು ಒಟ್ಟಿದ ಕೊರಡು ನೋಡಿ ಹೇಳೋದು ಹಾಗಲ್ಲ. ಸೌದೆಗೆ ಅಂತ ಬೆರಕೆ ಕೊರಡು ಬಂದಾಗ ನಾನು ಮೊದಮೊದಲು ಭಾರ ನೋಡುತ್ತಿದ್ದೆ. ಎತ್ತಲು ಕಷ್ಟವಾದದ್ದೆಲ್ಲ ಗಟ್ಟಿ ಮರ ಅಂತ ಬೇರೆ ಜೋಡಿಸಿಟ್ಟೆ. ಒಣಗಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಬೂರುಗ! ಒಂದೇ ಕೈಯಲ್ಲಿ ಎತ್ತಬಹುದಿತ್ತು. ಅಷ್ಟೂ ಭಾರ ನೀರಿನದ್ದು.

ಈಗ ಮೊದಲು ತುದಿಯಲ್ಲಿ ಒಂದು ಬೆರಳು ದಪ್ಪ ಕುಯ್ದು ತೆಗೆಯುತ್ತೇನೆ. ಬಿಸಿಲು ಮಳೆಗೆ ಬಿದ್ದ ಮುಖ ಎಲ್ಲ ಮರದಲ್ಲೂ ಬೂದು ಬಣ್ಣವೇ, ಅದನ್ನು ನಂಬಬಾರದು. ಹೊಸ ಮುಖವನ್ನು ಚೂಪಾದ ಚಾಕುವಿನಿಂದ ನಯವಾಗಿ ಕೆತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಗ ನೋಡಿ, ಬಣ್ಣ ಎದ್ದು ಬರುತ್ತದೆ. ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ಹಳದಿ ಇದ್ದು, ತೊಗಟೆಯ ಬಳಿ ಬಿಳಿ ಅಂಟು ಬೆರಳಿಗೆ ಹತ್ತಿದರೆ ಹಲಸು. ಮುಖದ ತುಂಬ ಮಾಸಲು ಬಿಳಿ, ನಟ್ಟನಡುವೆ ಮಾತ್ರ ಅಂಕುಡೊಂಕಾದ ಕಪ್ಪುಗೆಂಪು ಚೇಗು ಇದ್ದರೆ ಹುಣಸೆ. ಸಿಲ್ವರ್ ಓಕ್ ನನಗೆ ತುಂಬ ಇಷ್ಟ. ನಡುವಿನಿಂದ ತೊಗಟೆಯವರೆಗೆ ಚಕ್ರದ ಅರಗಳ ಹಾಗೆ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಆ ಗೆರೆ ಹಿಡಿದು ಸೀಳಿದರೆ ಒಳಗೆಲ್ಲ ಹೊಳೆಯುವ ಮಚ್ಚೆ.

ನೀಲಗಿರಿಯನ್ನು ಹಸಿ ಇದ್ದಾಗಲೇ ಸೀಳಿಬಿಡಿ. ಒಣಗಿದರೆ ಎಳೆಗಳ ಮಧ್ಯೆ ಕೊಡಲಿ ಸಿಕ್ಕಿಕೊಳ್ಳುತ್ತದೆ. ಜಾಲಿಯ ಕಪ್ಪು, ಬಿರುಕುಬಿಟ್ಟ ತೊಗಟೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಲ್ವಾ? ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಒಂದು ಎಚ್ಚರಿಕೆ. ಕುಯ್ದ ಜಾಗದಲ್ಲಿ ಒಸರಿದ ರಸ ಗಾಳಿಗೆ ಕಪ್ಪಾದರೆ ಬರಿಗೈಯಲ್ಲಿ ಮುಟ್ಟಬೇಡಿ. ಕಾಡುಗೇರಿನ ಜಾತಿ ಇರಬಹುದು, ಮೈಯೆಲ್ಲ ಬೊಬ್ಬೆ ಏಳುತ್ತದೆ. ಅದನ್ನು ಸುಡಲೂಬಾರದು. ಕಣಗಿಲೆಯೂ ಅಷ್ಟೇ, ಅದರ ಹೊಗೆಯೇ ವಿಷ.

ಕಳೆದ ಸಲ ಒಂದು ಕೊರಡಿನ ತೊಗಟೆಯಂಚಿನಲ್ಲಿ ರಕ್ತದಂಥ ಕೆಂಪು ಅಂಟು ಒಣಗಿತ್ತು. ಅನುಮಾನ ಬಂದು ಚೇಗಿನ ನಾಲ್ಕು ಚಕ್ಕೆಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ನೀಲಿ ಹೊಳಪು. ಹೊನ್ನೆ! ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ನೆರಳಲ್ಲಿ ಎತ್ತಿಟ್ಟಿದ್ದೇನೆ.