ವಜ್ರ ಓದಬೇಕೆನ್ನುವವರು ಮೊದಲು ಬೆಣಚುಕಲ್ಲು ತೂಗಿ

ಬೇಸಿಗೆಯಲ್ಲಿ ಬಾಗಲಕೋಟೆಯ ಮನೆಗೆ ಬಂದಾಗಲೆಲ್ಲ ಓದುವ ಹುಡುಗರು ಯಾರಾದರೂ ಬಂದು ಕೇಳುತ್ತಾರೆ: ‘ಅಕ್ಕಾರ, ನಿಮ್ಮಂಗ ವಜ್ರದ ಮ್ಯಾಲೆ ಸಂಶೋಧನಾ ಮಾಡಬೇಕಂದ್ರ ಏನ್ ಓದಬೇಕ್ರಿ?’ 22 ವರ್ಷ ರತ್ನಪರೀಕ್ಷೆಯ ಲ್ಯಾಬಿನಲ್ಲಿ ಕಳೆದವಳು ನಾನು. ಕೋರ್ಸಿನ ಹೆಸರು ಹೇಳುವ ಮೊದಲು ಅವರ ಕೈಗೆ ಒಂದು ಬೆಣಚುಕಲ್ಲು ಇಡುತ್ತೇನೆ. ಇದರ ಸಾಂದ್ರತೆ ತೆಗೆದುಕೊಂಡು ನಾಳೆ ಬಾ.

ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಗಾಜಿನ ಲೋಟ, ಕುದಿಸಿ ಆರಿಸಿದ ನೀರು, ತೆಳ್ಳನೆ ನೈಲಾನ್ ದಾರ. ಫ್ಯಾನ್ ಆರಿಸಿ. ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ತಾಗಬಾರದು, ಅಂಚಿಗೂ ತಾಗಬಾರದು. ದಾರದ ಇನ್ನೊಂದು ತುದಿ ಕೈಯಲ್ಲಿ ಬೇಡ, ಪಕ್ಕದ ಕೋಲಿಗೆ ಕಟ್ಟಿ. ಈಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. ಮಲಪ್ರಭೆಯ ದಂಡೆಯಿಂದ ತಂದ ನನ್ನ ಕಲ್ಲು 12.60 ಗ್ರಾಂ, ನೀರಲ್ಲಿ 4.75. ಉತ್ತರ 2.65, ಬೆಣಚುಕಲ್ಲಿಗೆ ಬರಬೇಕಾದ ಅಂಕಿಯೇ ಅದು.

ಹೋದ ವರ್ಷ ಒಬ್ಬ ಹುಡುಗಿಗೆ ಅದೇ ಕಲ್ಲು 2.60 ಕೊಟ್ಟಿತು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆವು. ಕಲ್ಲಿನ ಹಿಂಬದಿಯ ಕುಳಿಯಲ್ಲಿ ಜೋಳದ ಕಾಳಿನಷ್ಟು ಮೂರು ಗುಳ್ಳೆ ಅಂಟಿಕೊಂಡಿದ್ದವು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಮೆತ್ತನೆ ಬ್ರಶ್ಶಿನಿಂದ ಸವರಿದಾಗ ಅವು ಬಿಟ್ಟವು. ಅವಳು ತಕ್ಷಣ ರಬ್ಬರ್ ತೆಗೆದಳು, ನಾನು ಕೈ ಹಿಡಿದೆ. ಮೊದಲ ವರ್ಷ ಲ್ಯಾಬಿನಲ್ಲಿ ನಾನೂ ಹೀಗೆ ಒಂದು ಅಳತೆ ಅಳಿಸಿದ್ದೆ. ಆಮೇಲೆ ಅದೇ ಸರಿ ಇತ್ತೆಂದು ತಿಳಿದಾಗ ತೋರಿಸಲು ಏನೂ ಉಳಿದಿರಲಿಲ್ಲ. ಎರಡು ವಾರದ ಕೆಲಸ ಮತ್ತೆ ಮಾಡಿದೆ. ತಪ್ಪಿದ ಅಂಕಿಗೆ ಒಂದೇ ಗೆರೆ ಎಳೆಯಿರಿ, ಕಾರಣ ಪಕ್ಕದಲ್ಲಿ ಬರೆಯಿರಿ.

ವಜ್ರದ್ದೂ ಇದೇ ಲೆಕ್ಕ, ಆದರೆ ಒಡವೆಗೆ ಕೂರಿಸದ ಬಿಡಿ ಹರಳು ಬೇಕು. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದು ಸರಿಸುವ ನೀರು ಬರೀ 0.057 ಗ್ರಾಂ. ಹಾಗಾಗಿ 0.001 ಗ್ರಾಂ ತೋರಿಸುವ ತಕ್ಕಡಿಯೇ ಆಗಬೇಕು. ವಜ್ರದ ಸಾಂದ್ರತೆ 3.52. ವಜ್ರದಂತೆಯೇ ಕಾಣುವ ಕೃತಕ ಹರಳುಗಳಲ್ಲಿ ಮೊಯ್ಸನೈಟಿನದು 3.22, ಕ್ಯೂಬಿಕ್ ಜಿರ್ಕೋನಿಯಾದ್ದು 5.6ರ ಮೇಲೆ. ಹರಳಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆಂದು ನೋಡುವ ಪೆನ್ನಿನಂಥ ಸಾಧನ ಮೊಯ್ಸನೈಟನ್ನೂ ವಜ್ರ ಅಂದುಬಿಡುತ್ತದೆ, ತಕ್ಕಡಿ ಅನ್ನುವುದಿಲ್ಲ. ಸುತ್ತಿಗೆಯಿಂದ ಹೊಡೆದು ಪರೀಕ್ಷಿಸುವುದಂತೂ ಬೇಡವೇ ಬೇಡ. ವಜ್ರ ನಾಲ್ಕು ದಿಕ್ಕುಗಳಲ್ಲಿ ಸುಲಭವಾಗಿ ಸೀಳುತ್ತದೆ. ಖರೇ ವಜ್ರವೂ ಒಡೆಯುತ್ತದೆ.

ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ 3.52ನ್ನೇ ತೋರಿಸುತ್ತದೆ, ಅದೂ ಇಂಗಾಲವೇ. ಹಾಗಾದರೆ ನೆಲದ್ದು ಯಾವುದು, ಬೆಳೆಸಿದ್ದು ಯಾವುದು? ನನ್ನ ಮಟ್ಟಿಗೆ ಸಂಶೋಧನೆ ಶುರುವಾಗುವುದು ಇಲ್ಲಿಂದ. ನೆಲದಾಳದ ವಜ್ರದೊಳಗೆ ಸಾರಜನಕದ ಒಂಟಿ ಪರಮಾಣುಗಳು ಶಾಖಕ್ಕೆ ನಿಧಾನವಾಗಿ ಸರಿಯುತ್ತ ಮೊದಲು ಜೋಡಿಯಾಗುತ್ತವೆ, ಕೋಟ್ಯಂತರ ವರ್ಷಗಳಲ್ಲಿ ನಾಲ್ಕರ ಗುಂಪಾಗುತ್ತವೆ. ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹಾಯಿಸಿ ತೆಗೆದ ರೋಹಿತದಲ್ಲಿ, ಅಂದರೆ ಸ್ಪೆಕ್ಟ್ರಮ್‌ನಲ್ಲಿ, ಆ ಗುಂಪುಗಳ ಗುರುತು ಕಾಣುತ್ತದೆ. ಅನಿಲದಿಂದ ಪದರ ಪದರವಾಗಿ ಬೆಳೆಸಿದ್ದರಲ್ಲಿ ಹಲವು ಸಲ 737 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಒಳಗೆ ಸೇರಿಕೊಂಡ ಸಿಲಿಕಾನ್ ಸಿಕ್ಕಿಬೀಳುತ್ತದೆ. ಲೇಸರ್ ಬೆಳಕು ಹರಳಿನಿಂದ ಚದುರುವುದನ್ನು ಅಳೆಯುವ ರಾಮನ್ ರೋಹಿತದಲ್ಲಿ ಯಾವುದೇ ವಜ್ರದ ಗೆರೆ ಸೆಂಟಿಮೀಟರಿಗೆ 1332 ಅಲೆಗಳ ಬಳಿ ಬರುತ್ತದೆ. ಅದಕ್ಕೆ ಹೆಸರು ಕೊಟ್ಟ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ವಜ್ರದ ಮೇಲೆ ವರ್ಷಗಟ್ಟಲೆ ದುಡಿದವರು.

ಓದಿನ ವಿಷಯ: ಬಿಎಸ್ಸಿಯಲ್ಲಿ ಭೌತಶಾಸ್ತ್ರ ಬಿಡಬೇಡಿ, ಜೊತೆಗೆ ರಸಾಯನ ಅಥವಾ ಭೂವಿಜ್ಞಾನ ಇರಲಿ. ನಾನು ಎಂಎಸ್ಸಿ ಭೂವಿಜ್ಞಾನ ಮಾಡಿದ್ದು ಧಾರವಾಡದಲ್ಲಿ. ಪಿಎಚ್‌ಡಿಗೆ ರೋಹಿತದರ್ಶನ (ಸ್ಪೆಕ್ಟ್ರೋಸ್ಕೋಪಿ) ಕಲಿಸುವ ಮಾರ್ಗದರ್ಶಕರನ್ನು ಹುಡುಕಿ. ಬೆಳೆಸಿದ ವಜ್ರದ ಸಂಶೋಧನೆಗೆ 2023ರಲ್ಲಿ ಮದ್ರಾಸ್ ಐಐಟಿಗೆ ಕೇಂದ್ರದ ಅನುದಾನ ಸಿಕ್ಕಿದೆ. ಅಲ್ಲಿನ ಕೆಲಸದ ಮೇಲೆ ಕಣ್ಣಿಡಿ. ಲ್ಯಾಬಿಗೆ ಅರ್ಜಿ ಬರೆಯುವಾಗ ಅಂಕಪಟ್ಟಿಯ ಜೊತೆ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೋ ಕಳಿಸಿ, ಗೆರೆ ಎಳೆದ ಅಂಕಿ ಇರುವ ಹಾಳೆಯನ್ನೇ.